ಎರಿಮಣ್ಣಿನ ಮೇಲೊಂದು ಹುಲ್ಲುಹಾಸು
ಹುಬ್ಬಳ್ಳಿ–ಧಾರವಾಡದ ಪೂರ್ವಕ್ಕೆ ಹಬ್ಬಿರುವ ಎರಿಭೂಮಿಯು ಹತ್ತಿ, ಕಡಲೆಗಳಿಗೆ ಹೇಳಿ ಮಾಡಿಸಿದಂತಿದ್ದರೂ ಆಟದ ಮೈದಾನಕ್ಕೆ ಒಗ್ಗುವುದಿಲ್ಲ; ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುವ ಈ ಮಣ್ಣು ನೀರುಂಡಾಗ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಕೈ ಇಳಿಯುವಷ್ಟು ಬಿರಿಯುತ್ತದೆ. ಮುಂಗಾರಿನ ಬೆನ್ನಿಗೇ ಅಕ್ಟೋಬರ್‌ನ ಹಿಂಗಾರು ಮಳೆಯೂ ಬೀಳುವ ಇಂಥ ಸೀಮೆಯಲ್ಲಿ ಹುಲ್ಲುಹಾಸಿನ ಆರೈಕೆಯೆಂದರೆ ಮೊದಲಿಗೆ ನೀರನ್ನು ಸಾಗಹಾಕುವ ಕೆಲಸವೇ ಸರಿ.

ಗಾಲ್ಫ್ ಅಂಗಳದಲ್ಲಿ ಚೆಂಡನ್ನು ಕುಳಿಗೆ ಉರುಳಿಸುವ ನುಣುಪಾದ ಭಾಗವಾದ ಗ್ರೀನ್‌ಗೆ ಅಮೆರಿಕದ ಗಾಲ್ಫ್ ಸಂಸ್ಥೆಯು 1960ರಲ್ಲಿ ಪ್ರಕಟಿಸಿದ ವಿಧಾನದ ಪ್ರಕಾರ, ನೀರು ಬಸಿದುಹೋಗುವ ಕೊಳವೆಗಳ ಮೇಲೆ ಸುಮಾರು 10 ಸೆಂ.ಮೀ. ಜಲ್ಲಿಯನ್ನೂ ಅದರ ಮೇಲೆ 30 ಸೆಂ.ಮೀ. ಮರಳುಪ್ರಧಾನ ಪದರವನ್ನೂ ಹರಡುತ್ತಾರೆ. ಕ್ರಿಕೆಟ್ಟಿನ ಮಾತು ತುಸು ವಿಚಿತ್ರ: ಹುಬ್ಬಳ್ಳಿಯ ರಾಜನಗರದಲ್ಲಿರುವಂಥ ಕ್ರೀಡಾಂಗಣಗಳಲ್ಲಿ ಹೊರಾಂಗಣಕ್ಕೆ ನೀರಿಳಿಯುವ ಮಣ್ಣು ಬೇಕಾದರೆ, ನಡುವಿನ ಪಿಚ್ಚಿಗೆ ಗಟ್ಟಿಯಾಗಿ ಬಿಗಿಯುವ ಜೇಡಿಯೇ ಬೇಕು.

ಹೆಜ್ಜೆಯಿಟ್ಟಲ್ಲಿ ನೀರು ಒಸರುವಷ್ಟು ನೆಲ ತೊಯ್ದಿರುವಾಗ ರೋಲರ್ ಎಳೆದರೆ ಮಣ್ಣು ಅದುಮಿಹೋಗಿ ಬೇರಿಗೆ ಗಾಳಿ ದಕ್ಕುವುದಿಲ್ಲ. ಆದ್ದರಿಂದ ನೆಲ ಹದಕ್ಕೆ ಬಂದ ಮೇಲೆ ಟೊಳ್ಳು ಮೊಳೆಗಳಿಂದ ಮಣ್ಣಿನ ಸಣ್ಣ ಉರುಳೆಗಳನ್ನು ಕಿತ್ತು, ಆ ತೂತುಗಳಿಗೆ ಮರಳು ತುಂಬುತ್ತಾರೆ. ಚಳಿಗೆ ಬೆಳವಣಿಗೆ ಕುಂದುವ ಕರಿಕೆ ಹುಲ್ಲನ್ನು ತುಸು ಎತ್ತರಕ್ಕೇ ಬಿಟ್ಟು ಕತ್ತರಿಸುವುದು ಕ್ಷೇಮ; ಎರಿಹೊಲದ ರೈತರು ಕಳೆಯೆಂದು ಬೇರುಸಹಿತ ಅಗೆದೆಸೆಯುವುದೂ ಇದೇ ಕರಿಕೆಯನ್ನು.