ದೂರದ ಮನೆಗೂ ಒಂದೇ ದರ ಸಾಧ್ಯವೇ?
ಫೈಬರ್ ಇಂಟರ್ನೆಟ್ ಸೇವೆಯ ಬೆಲೆ ಮತ್ತು ಹೊಣೆಯ ಬಗ್ಗೆ ಒಂದು ವಿಚಾರ



ಈಚೆಗೆ ಸಂಘದ ಕಾರ್ಯಾಲಯಕ್ಕೆ ಬರುವ ಸದಸ್ಯರು ಗೊಬ್ಬರದ ದಾಸ್ತಾನು ವಿಚಾರಿಸಿದ ನಂತರ ಕೇಳುವ ಎರಡನೆಯ ಪ್ರಶ್ನೆ ಫೈಬರ್ ಇಂಟರ್ನೆಟ್ಟಿನದು. ಪೇಟೆಯಲ್ಲಿ ಸಂಪರ್ಕ ಬಂದಿದೆ, ಹೆದ್ದಾರಿಯ ಪಕ್ಕದ ಮನೆಗಳಿಗೂ ಬಂದಿದೆ. ತೋಟದ ಒಳಗಿನ ಮನೆಗಳಿಗೆ ಮಾತ್ರ ಬಂದಿಲ್ಲ. ಬರುವುದಾದರೆ ತಿಂಗಳಿಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆ ದರ ಹೇಗೆ ಹುಟ್ಟುತ್ತದೆ, ಮಳೆಗಾಲದಲ್ಲಿ ಕೇಬಲ್ ಹರಿದರೆ ಯಾರು ಬರುತ್ತಾರೆ ಎಂದು ಕೇಳುವವರು ಕಡಿಮೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದವು ಈ ಎರಡು ಪ್ರಶ್ನೆಗಳೇ.

ಇದು ಕೇವಲ ಸಿನಿಮಾ ನೋಡುವ ಸೌಕರ್ಯದ ಮಾತಲ್ಲ. ಅರೇಬಿಕಾದ ಧಾರಣೆ ನ್ಯೂಯಾರ್ಕಿನಲ್ಲಿ, ರೊಬಸ್ಟಾದ ಧಾರಣೆ ಲಂಡನ್ನಿನಲ್ಲಿ ಗಳಿಗೆ ಗಳಿಗೆಗೂ ಬದಲಾಗುತ್ತದೆ. ಅದು ಪೇಟೆಯ ವ್ಯಾಪಾರಿಗೆ ತಕ್ಷಣ ತಿಳಿಯುತ್ತದೆ, ಗುಡ್ಡದಾಚೆಯ ಬೆಳೆಗಾರನಿಗೆ ತಿಳಿಯುವುದಿಲ್ಲ. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಬಲ್ಲ ಮಗನೋ ಮಗಳೋ ತೋಟಕ್ಕೆ ಹಿಂತಿರುಗುವುದೂ ಒಂದು ಕೇಬಲ್ಲಿನ ಮೇಲೆ ನಿಂತಿದೆ.

ಖರ್ಚು ಎಲ್ಲಿ ಬೀಳುತ್ತದೆ?

ಕೇಂದ್ರದಿಂದ ಹೊರಟ ಒಂದು ಗಾಜಿನ ಎಳೆಯನ್ನು ಸ್ಪ್ಲಿಟರ್ ಎಂಬ ಚಿಕ್ಕ ಸಾಧನದಿಂದ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಆ ಒಂದು ಎಳೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಮಾಹಿತಿಯನ್ನು ಮನೆಗಳ ಕಡೆಗೆ ಒಯ್ಯುತ್ತದೆ. ಸುಮಾರು 20 ಕಿಲೋಮೀಟರ್ ದೂರದವರೆಗೆ ನಡುವೆ ವಿದ್ಯುತ್ ಬೇಕಿಲ್ಲ. ಪೇಟೆಯಲ್ಲಿ 32 ಮನೆಗಳು ಒಂದೇ ಬೀದಿಯಲ್ಲಿ ಸಿಗುತ್ತವೆ. ನಮ್ಮಲ್ಲಿ ಅಷ್ಟು ಮನೆ ಕೂಡಬೇಕಾದರೆ ಮೂರು ಹಳ್ಳ ದಾಟಬೇಕು.

ಆದ್ದರಿಂದ ಸಂಸ್ಥೆಗೆ ದೊಡ್ಡ ಖರ್ಚು ಬೀಳುವುದು ಕೇಬಲ್ ಎಳೆಯುವುದರಲ್ಲಿ, ಮಾಹಿತಿ ಹರಿಯುವುದರಲ್ಲಲ್ಲ. ಇದು ಕಾಫಿ ಕಣ ಕಟ್ಟಿಸಿದ ಹಾಗೆ. ಕಣದಲ್ಲಿ ಹತ್ತು ಮೂಟೆ ಒಣಗಿಸಿದರೂ ನೂರು ಮೂಟೆ ಒಣಗಿಸಿದರೂ ಕಟ್ಟಿದ ಖರ್ಚು ಒಂದೇ. ಕೇಬಲ್ ಹಾದುಹೋದ ಮನೆಗಳಲ್ಲಿ ಎಷ್ಟು ಮನೆ ಚಂದಾದಾರರಾದವು ಎಂಬುದರ ಮೇಲೆಯೇ ಸಂಸ್ಥೆಯ ಲಾಭನಷ್ಟ ನಿಂತಿದೆ. "ಅಳವಡಿಕೆ ಉಚಿತ", "ಆರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ" ಎಂಬ ಕರಪತ್ರಗಳ ಹಿಂದಿನ ಗುಟ್ಟು ಇದೇ.

ದರದ ಪಟ್ಟಿಯನ್ನು ಓದುವ ಬಗೆ

ಸಂಸ್ಥೆಗಳು ದರವನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಕಟ್ಟುತ್ತವೆ: ವೇಗದ ಮೇಲೆ, ಬಳಸುವ ಮಾಹಿತಿಯ ಪ್ರಮಾಣದ ಮೇಲೆ, ಮತ್ತು ದೂರವಾಣಿ, ಸಿನಿಮಾ ಮುಂತಾದವನ್ನು ಜೊತೆಗೆ ಸೇರಿಸಿ.

ಜಿಯೋ ಫೈಬರಿನ ಉದಾಹರಣೆ ನೋಡೋಣ. 2019ರ ಸೆಪ್ಟೆಂಬರ್ 5ರಂದು ಅದು ವಾಣಿಜ್ಯ ಸೇವೆ ಆರಂಭಿಸಿದಾಗ ಕನಿಷ್ಠ ದರ ತಿಂಗಳಿಗೆ ರೂ. 699 ಇತ್ತು, ಮಾಹಿತಿಗೆ ಮಿತಿಯೂ ಇತ್ತು. ಒಂದು ವರ್ಷದ ನಂತರ, 2020ರ ಸೆಪ್ಟೆಂಬರಿನಲ್ಲಿ, 30 ಎಂಬಿಪಿಎಸ್ ವೇಗದ ಯೋಜನೆಯನ್ನು ರೂ. 399ಕ್ಕೆ ತಂದು 'ಅನಿಯಮಿತ' ಎಂದು ಸಾರಿತು. ಶೇಕಡ 18ರ ಜಿಎಸ್‌ಟಿ ಸೇರಿದರೆ ಅದು ಸುಮಾರು ರೂ. 471 ಆಗುತ್ತಿತ್ತು, ಕರಪತ್ರದ ದೊಡ್ಡ ಅಕ್ಷರದಲ್ಲಿ ತೆರಿಗೆ ಕಾಣುವುದಿಲ್ಲವೆಂಬುದನ್ನು ಸದಸ್ಯರು ನೆನಪಿಡಬೇಕು. ಒಮ್ಮೆ ಕೇಬಲ್ ಎಳೆದಾದ ಮೇಲೆ ಅಳೆದು ಕೊಡುವುದಕ್ಕಿಂತ ಹೆಚ್ಚು ಮನೆಗಳನ್ನು ಸೇರಿಸಿಕೊಳ್ಳುವುದೇ ಲಾಭಕರವೆಂಬ ಲೆಕ್ಕ ಈ ಬದಲಾವಣೆಯಲ್ಲಿ ಕಾಣುತ್ತದೆ.

'ಅನಿಯಮಿತ' ಎಂಬ ಯೋಜನೆಗೂ ತಿಂಗಳಿಗೆ 3,300 ಜಿಬಿ ಗಡಿ ಇತ್ತು. ಸಾಮಾನ್ಯ ಕುಟುಂಬ ಇದಕ್ಕೆ ಹೆದರಬೇಕಾಗಿಲ್ಲ. ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಜಿಬಿ ಎಂದು ಹಿಡಿದರೆ, ತಿಂಗಳಿಡೀ ಹಗಲುರಾತ್ರಿ ಟಿವಿ ಓಡಿದರೂ 2,160 ಜಿಬಿಯಷ್ಟೇ. ಅದೇ ರೀತಿ ಅಂಥ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ನಾಲ್ಕು ಜನರ ಮನೆಗೆ 30 ಎಂಬಿಪಿಎಸ್ ಧಾರಾಳ. ವೇಗದ ದೊಡ್ಡ ಅಂಕಿಗೆ ಮರುಳಾಗಿ ದುಬಾರಿ ಯೋಜನೆ ಹಿಡಿಯುವ ಅಗತ್ಯವಿಲ್ಲ.

ಲಂಕಾಶೈರಿನ ರೈತರು ಮಾಡಿದ ಕೆಲಸ

ನಮ್ಮದೇ ಕಷ್ಟ ಇಂಗ್ಲೆಂಡಿನ ರೈತರಿಗೂ ಇತ್ತು. ಅಲ್ಲಿನ ಲಂಕಾಶೈರ್ ಪ್ರಾಂತದ ಲೂನ್ ಕಣಿವೆಯ ಚದುರಿದ ಹಳ್ಳಿಗಳಿಗೆ ದೊಡ್ಡ ಕಂಪನಿಗಳು ಫೈಬರ್ ತರಲಿಲ್ಲ. 2011ರಲ್ಲಿ ಆ ಜನರೇ 'ಬ್ರಾಡ್‌ಬ್ಯಾಂಡ್ ಫಾರ್ ದಿ ರೂರಲ್ ನಾರ್ತ್' ಎಂಬ ಸಮುದಾಯ ಸಂಘವನ್ನು ನೋಂದಾಯಿಸಿದರು. ಮುಂದಾಳುಗಳಲ್ಲಿ ಜಾಲತಂತ್ರ ಬಲ್ಲ ಪ್ರಾಧ್ಯಾಪಕ ಬ್ಯಾರಿ ಫೋರ್ಡ್ ಒಬ್ಬರು, ರೈತ ಮಹಿಳೆ ಕ್ರಿಸ್ ಕಾಂಡರ್ ಇನ್ನೊಬ್ಬರು.

ಅವರ ವಿಧಾನ ಹೀಗಿತ್ತು. ಊರವರು ಷೇರು ಕೊಂಡು ಬಂಡವಾಳ ಕೂಡಿಸಿದರು. ರೈತರು ತಮ್ಮ ಹೊಲಗಳಲ್ಲಿ ಕೇಬಲ್ ಹಾಯಲು ಬಾಡಿಗೆ ಕೇಳದೆ ಜಾಗ ಬಿಟ್ಟರು. ಊರವರೇ ಕಾಲುವೆ ತೋಡಿದರು. ದುಡಿಮೆಯನ್ನೂ ಷೇರಿನ ಲೆಕ್ಕಕ್ಕೆ ಹಿಡಿಯಲಾಯಿತು. ದರದ ಪಟ್ಟಿ ಎಂಬುದೇ ಇರಲಿಲ್ಲ ಎನ್ನಬಹುದು: ಎರಡೂ ಕಡೆಗೆ 1 ಗಿಗಾಬಿಟ್ ವೇಗ, ಬಹಳ ವರ್ಷಗಳ ಕಾಲ ತಿಂಗಳಿಗೆ 30 ಪೌಂಡ್, ಜೋಡಣೆಗೆ 150 ಪೌಂಡ್. ಚರ್ಚಿನ ಪಕ್ಕದ ಮನೆಗೂ ಗುಡ್ಡದ ತುದಿಯ ಒಂಟಿ ಮನೆಗೂ ಅದೇ ದರ.

ನಮ್ಮ ಅಂಚೆ ಕಾರ್ಡಿಗೆ ಪಕ್ಕದ ಊರಿಗೂ ಕಾಶ್ಮೀರಕ್ಕೂ ಒಂದೇ ಬೆಲೆಯಿರುವ ಹಾಗೆ ಇದು. ಜಾಗ ಮತ್ತು ದುಡಿಮೆಯ ಖರ್ಚು ಕಡಿಮೆಯಾದ್ದರಿಂದಲೇ ಆ ಸಮಾನ ದರ ಸಾಧ್ಯವಾಯಿತು ಎಂಬುದನ್ನು ನಾವು ಗಮನಿಸಬೇಕು. ಆದರೆ ಅಲ್ಲಿಯದು ಬಹುಪಾಲು ಹುಲ್ಲುಗಾವಲು. ನಮ್ಮದು ಬೇರು, ಬಂಡೆ, ಧೋ ಎಂದು ಸುರಿಯುವ ಮಳೆಯ ನೆಲ. ನಮ್ಮಲ್ಲಿ ಕೇಬಲ್ ಹೆಚ್ಚಾಗಿ ವಿದ್ಯುತ್ ಕಂಬಗಳ ಮೇಲೆಯೇ ಬರಬೇಕು. ಅದಕ್ಕೆ ವಿದ್ಯುತ್ ಕಂಪನಿಯ ಅನುಮತಿ ಬೇಕು.

ಸೇವೆಯೇ ನಿಜವಾದ ಬೆಲೆ

ಜೂನ್‌ನಿಂದ ಆಗಸ್ಟ್‌ವರೆಗೆ ಸಿಲ್ವರ್ ಓಕ್ ಉರುಳುತ್ತದೆ. ಮರಗಸಿ ಮಾಡುವಾಗ ಕೊಂಬೆ ಕೇಬಲ್ ಮೇಲೆ ಬೀಳುತ್ತದೆ. ಆಗ ಬೆಸುಗೆ ಯಂತ್ರ ಹಿಡಿದು ಬರುವ ಮನುಷ್ಯ ಯಾರು? ಭಾರತ್‌ನೆಟ್ ಉದ್ಯಮಿ ಯೋಜನೆಯಲ್ಲಿ ಬಿಎಸ್‌ಎನ್‌ಎಲ್ ಮತ್ತು ಊರಿನ ಪಾಲುದಾರ ವರಮಾನವನ್ನು ಅರ್ಧಕ್ಕರ್ಧ ಹಂಚಿಕೊಳ್ಳುವ ಕ್ರಮ ಬಂದಿತು. ಉದಾಹರಣೆಗೆ ತಿಂಗಳ ಬಾಡಿಗೆ ರೂ. 400 ಎಂದುಕೊಳ್ಳೋಣ. ಪಾಲುದಾರನಿಗೆ ಮನೆಯೊಂದಕ್ಕೆ ರೂ. 200. ಅವನ ಬಳಿ 60 ಮನೆಗಳಿದ್ದರೆ ತಿಂಗಳಿಗೆ ರೂ. 12,000, ಇದರಲ್ಲಿ ಒಬ್ಬ ಕೆಲಸಗಾರನ ಸಂಬಳ, ಬೈಕಿನ ಪೆಟ್ರೋಲು, ಕೇಬಲ್ಲು ಎಲ್ಲವೂ ನಡೆಯಬೇಕು. ನಡೆಯುವುದಿಲ್ಲ. 150 ಮನೆಗಳಾದರೆ ರೂ. 30,000, ಆಗ ಒಬ್ಬ ಮನುಷ್ಯನನ್ನು ಊರಲ್ಲೇ ಇಟ್ಟುಕೊಳ್ಳಬಹುದು. ಜುಲೈ ತಿಂಗಳಲ್ಲಿ ಫೋನ್ ಎತ್ತದ ಪಾಲುದಾರನನ್ನು ಬೈಯುವ ಮುನ್ನ ಈ ಲೆಕ್ಕವನ್ನು ನಾವು ಒಮ್ಮೆ ಹಾಕಿ ನೋಡಬೇಕು. ದರವನ್ನು ಇನ್ನೂ ನೂರು ರೂಪಾಯಿ ಚೌಕಾಸಿ ಮಾಡಿ ಇಳಿಸಿ, ದುರಸ್ತಿಗೆ ಜನವಿಲ್ಲದಂತಾದರೆ ಅಗ್ಗಕ್ಕೆ ಮುಗ್ಗಲು ಜೋಳ ತಂದಂತಾಗುತ್ತದೆ.

ಇನ್ನೊಂದು ಮಾತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದ ಕಾರಣ, ಹಳೆಯ ತಾಮ್ರದ ತಂತಿಯಂತೆ ಅದರ ಮೂಲಕ ಸಿಡಿಲು ಮನೆಯೊಳಕ್ಕೆ ಬರುವುದಿಲ್ಲ. ಆದರೆ ಮನೆಯ ಪೆಟ್ಟಿಗೆಗೆ ಕರೆಂಟು ಬೇಕೇ ಬೇಕು. ಸಿಡಿಲು ಆ ದಾರಿಯಲ್ಲಿ ಬರಬಹುದು. ಗುಡುಗುವಾಗ ಪ್ಲಗ್ ಕೀಳಬೇಕು. ಕರೆಂಟು ಹೋದಾಗಲೂ ನಡೆಯಲು ಚಿಕ್ಕದೊಂದು ಬ್ಯಾಟರಿ ಇಡಬೇಕು. ಕೇಂದ್ರದಲ್ಲೂ ಸಂಸ್ಥೆ ಬ್ಯಾಟರಿ ಇಟ್ಟಿದೆಯೇ ಎಂದು ವಿಚಾರಿಸಬೇಕು.

ನಮ್ಮ ಸಲಹೆಗಳು

1. ತಿಂಗಳ ದರ ಎಲ್ಲರಿಗೂ ಒಂದೇ ಇರಲಿ. ದೂರದ ಹೆಚ್ಚುವರಿ ಖರ್ಚು ಬಂದರೆ ಅದು ಜೋಡಣೆಯ ವೇಳೆ ಒಮ್ಮೆ ಮಾತ್ರ, ಅದೂ ಕಂತುಗಳಲ್ಲಿ.

2. ನಮ್ಮ ಕೈಗೆ ಹಣ ಬರುವುದು ಫಸಲಿನ ಕಾಲದಲ್ಲಿ. ಆದ್ದರಿಂದ ಬೆಳೆಗಾರರಿಗೆ ಆರು ತಿಂಗಳಿಗೊಮ್ಮೆ ಕಟ್ಟುವ ಅನುಕೂಲವೂ, ಲೈನ್ ಮನೆಗಳ ಕಾರ್ಮಿಕರಿಗೆ ತಿಂಗಳ ಲೆಕ್ಕವೂ ಇರಲಿ. ಮೊದಲ ಮಳೆಗಾಲದಲ್ಲಿ ಸೇವೆ ನೋಡುವ ತನಕ ಇಡೀ ವರ್ಷದ ಹಣ ಕೊಡಬಾರದು. ಕೊಟ್ಟರೆ ನಮ್ಮ ಹಿಡಿತ ತಪ್ಪುತ್ತದೆ.

3. ದುರಸ್ತಿಗೆ ಎಷ್ಟು ದಿನ, ಅದು ಮೀರಿದರೆ ಬಾಡಿಗೆಯಲ್ಲಿ ದಿನಕ್ಕೆಷ್ಟು ವಜಾ ಎಂಬುದು ಬರವಣಿಗೆಯಲ್ಲಿರಲಿ.

4. ಬಿಡಿಬಿಡಿಯಾಗಿ ಅರ್ಜಿ ಹಾಕದೆ, ಗ್ರಾಮವಾರು ಒಟ್ಟು ಪಟ್ಟಿಯೊಂದಿಗೆ ಸಂಸ್ಥೆಯ ಮುಂದೆ ಹೋಗೋಣ. 150 ಸಹಿಗಳ ಪಟ್ಟಿಗೆ ಇರುವ ತೂಕ ಒಬ್ಬರ ಅರ್ಜಿಗೆ ಇರುವುದಿಲ್ಲ.

5. ಕೇಬಲ್ ಹಾಯಲು ತೋಟದೊಳಗೆ ದಾರಿ ಬಿಟ್ಟುಕೊಡುವ ಸದಸ್ಯರು ಮೊದಲೇ ಒಪ್ಪಿಗೆ ಬರೆದುಕೊಡಲಿ. ಒಂದು ತೋಟ ಅಡ್ಡ ನಿಂತರೆ ಆಚೆಯ ಹತ್ತು ಮನೆಗಳು ಕತ್ತಲಲ್ಲಿ ಉಳಿಯುತ್ತವೆ.

ಸಂಘವೇ ಈ ಸೇವೆಯನ್ನು ನಡೆಸಬೇಕೆಂದು ಕೆಲವರು ಹೇಳುತ್ತಿದ್ದಾರೆ. ಬೈಲಾದಲ್ಲಿ ಅವಕಾಶವಿಲ್ಲದ ವ್ಯವಹಾರಕ್ಕೆ ಸಂಘ ಕೈಹಾಕುವಂತಿಲ್ಲ. ತಿದ್ದುಪಡಿಗೆ ಮಹಾಸಭೆಯ ಒಪ್ಪಿಗೆ ಬೇಕು. ಅಲ್ಲದೆ ಗೊಬ್ಬರಕ್ಕೂ ಬೆಳೆಸಾಲಕ್ಕೂ ಇರುವ ಹಣವನ್ನು ಕಂಬಕ್ಕೆ ಕಟ್ಟುವುದು ಈಗ ಸಲ್ಲದು. ಸದ್ಯಕ್ಕೆ ಪಟ್ಟಿ ಕೂಡಿಸುವುದು, ಕರಾರಿನ ಮಾತುಕತೆ ನಡೆಸುವುದು ಮತ್ತು ಊರಿನದೇ ಒಬ್ಬ ಯುವಕನಿಗೆ ಬೆಸುಗೆಯ ಕೆಲಸ ಕಲಿಸುವುದು, ಇಷ್ಟನ್ನು ಸಂಘ ವಹಿಸಿಕೊಳ್ಳಬಹುದೆಂದು ನಮಗೆ ತೋರುತ್ತದೆ.

1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಅಡಿಕೆ ಬೆಳೆಗಾರ ಒಬ್ಬಂಟಿಯಾಗಿ ಮಾರುಕಟ್ಟೆಯಲ್ಲಿ ನಿಲ್ಲಲಾರನೆಂಬ ಅರಿವಿನಿಂದ. ಅಂದು ಮಾರುವಾಗ ಒಗ್ಗೂಡಿದೆವು. ಇಂದು ಕೊಳ್ಳುವಾಗಲೂ ಒಗ್ಗೂಡಬೇಕಾಗಿದೆ. ಸೇರಲು ಇಚ್ಛಿಸುವ ಸದಸ್ಯರು ಮನೆಯ ಸ್ಥಳ, ಮುಖ್ಯ ರಸ್ತೆಯಿಂದ ಇರುವ ದೂರ ಮತ್ತು ಲೈನ್ ಮನೆಗಳ ಸಂಖ್ಯೆಯನ್ನು ಬರೆದು ಮುಂದಿನ ಮಹಾಸಭೆಗೆ ಮುಂಚಿತವಾಗಿ ಕಾರ್ಯಾಲಯಕ್ಕೆ ತಲುಪಿಸಬೇಕೆಂದು ಕೋರುತ್ತೇವೆ. ಅತ್ಯಂತ ದೂರದ ಮನೆಯವರು ಮೊದಲು ಬರೆಯಲಿ.