ಎಳೆದರೆ ಗಟ್ಟಿಯಾಗುವ ಪ್ಲಾಸ್ಟಿಕ್

1930ರ ಏಪ್ರಿಲ್. ಅಮೆರಿಕದ ವಿಲ್ಮಿಂಗ್ಟನ್‌ನಲ್ಲಿರುವ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಜೂಲಿಯನ್ ಹಿಲ್ ಎಂಬ ರಸಾಯನವಿಜ್ಞಾನಿ ಕರಗಿದ ಪಾಲಿಯೆಸ್ಟರ್‌ಗೆ ಕಡ್ಡಿ ಅದ್ದಿ ಮೇಲೆತ್ತಿದರು. ಜೊತೆಗೇ ಒಂದು ಎಳೆ ಎದ್ದುಬಂತು. ಆರಿದ ಮೇಲೆ ಜಗ್ಗಿ ನೋಡಿದರೆ ಅದು ಕಡಿಯಲಿಲ್ಲ. ಹಲವು ಪಟ್ಟು ಉದ್ದವಾಯಿತು, ಮಂಕು ಹೋಗಿ ಹೊಳಪು ಬಂತು, ಮೊದಲಿಗಿಂತ ಗಟ್ಟಿಯೂ ಆಯಿತು. ಮುಖ್ಯಸ್ಥ ವ್ಯಾಲೇಸ್ ಕ್ಯಾರೋದರ್ಸ್ ಇಲ್ಲದ ಹೊತ್ತು ನೋಡಿ, ಅದು ಎಷ್ಟು ಉದ್ದ ಬರುತ್ತದೆಂದು ತಿಳಿಯಲು ಸಂಗಡಿಗರು ಎಳೆ ಹಿಡಿದು ಕಾರಿಡಾರಿನಲ್ಲಿ ಓಡಿದರೆಂಬ ಕಥೆ ಪ್ರಸಿದ್ಧ.

ಆಗಿದ್ದೇನು? ಪಾಲಿಮರ್ ಎಂದರೆ ಉದ್ದುದ್ದ ಅಣುಸರಪಳಿಗಳು. ಸಾಮಾನ್ಯವಾಗಿ ಅವು ಬಟ್ಟಲಿಗೆ ಸುರಿದ ಶಾವಿಗೆಯಂತೆ ಸಿಕ್ಕುಸಿಕ್ಕಾಗಿರುತ್ತವೆ. ಎಳೆದಾಗ ಒಂದೇ ದಿಕ್ಕಿಗೆ ತಿರುಗಿ, ಒತ್ತೊತ್ತಾಗಿ ಹೊಂದಿಕೊಂಡು, ಅಲ್ಲಲ್ಲಿ ಸಣ್ಣ ಸ್ಫಟಿಕಗಳಾಗುತ್ತವೆ. ಆಮೇಲೆ ಬೀಳುವ ಭಾರವನ್ನು ಹೊರುವುದು ಸಿಕ್ಕಲ್ಲ, ನೆಟ್ಟಗೆ ನಿಂತ ಸರಪಳಿ.

ಹಿಲ್ ಅವರ ಪಾಲಿಯೆಸ್ಟರ್ ಸ್ವಲ್ಪ ಬಿಸಿಗೇ ಕರಗುತ್ತಿತ್ತು, ಬಟ್ಟೆಗೆ ಒದಗಲಿಲ್ಲ. ಎಳೆಯುವ ಉಪಾಯ ಮಾತ್ರ ಉಳಿಯಿತು; 1935ರಲ್ಲಿ ಅದೇ ತಂಡದಿಂದ ಬಂದ ನೈಲಾನ್‌ಗೆ ಬಲ ಕೊಟ್ಟಿತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಟೆರಿಫ್ತಾಲಿಕ್ ಆಮ್ಲ ಬಳಸಿ ಸುಮಾರು 260 ಡಿಗ್ರಿಯವರೆಗೂ ಕರಗದ ಪಾಲಿಯೆಸ್ಟರ್ ಮಾಡಿದರು. ಅದೇ ಪಿಇಟಿ, ನಾವು ‘ಪೆಟ್’ ಎನ್ನುವುದು.

1950ರ ದಶಕದಲ್ಲಿ ಎಳೆ ಹಾಳೆಯಾಯಿತು. ಕರಗಿದ ಪಿಇಟಿಯನ್ನು ನಿಧಾನವಾಗಿ ಆರಲು ಬಿಟ್ಟರೆ ದೊಡ್ಡ ಸ್ಫಟಿಕಗುಚ್ಛಗಳು ಬೆಳೆದು ಬೆಳ್ಳಗಾಗುತ್ತದೆ, ಪೆಡಸಾಗುತ್ತದೆ. ಆದ್ದರಿಂದ ತಣ್ಣನೆಯ ಉರುಳೆಯ ಮೇಲೆ ಥಟ್ಟನೆ ಆರಿಸುತ್ತಾರೆ. ಮತ್ತೆ ಹದವಾಗಿ ಬಿಸಿ ಮಾಡಿ, ನಿಧಾನವಾಗಿ ಮತ್ತು ವೇಗವಾಗಿ ತಿರುಗುವ ಉರುಳೆಗಳ ನಡುವೆ ಉದ್ದಕ್ಕೆ ಮೂರು ಪಟ್ಟಿನಷ್ಟು ಎಳೆಯುತ್ತಾರೆ. ನಂತರ ಅಂಚುಗಳನ್ನು ಕ್ಲಿಪ್ಪುಗಳಲ್ಲಿ ಕಚ್ಚಿಸಿ ಅಡ್ಡಕ್ಕೂ ಎಳೆಯುತ್ತಾರೆ. ಕೊನೆಗೆ, ಬಿಗಿಯಾಗಿ ಹಿಡಿದಿರುವಾಗಲೇ, 200 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಆಗ ಸ್ಫಟಿಕಗಳು ಬಲಿತು ಹಾಳೆಯ ಅಳತೆ ನಿಲ್ಲುತ್ತದೆ. ಅವು ಬೆಳಕು ಚದುರಿಸಲಾರದಷ್ಟು ಚಿಕ್ಕವು, ಹಾಗಾಗಿ ಹಾಳೆ ಪಾರದರ್ಶಕ. 1960ರಲ್ಲಿ ಅಮೆರಿಕ ಹಾರಿಸಿದ ‘ಎಕೋ 1’ ಉಪಗ್ರಹ ಇಂಥ ಹಾಳೆಯದೇ ಬಲೂನು: ವ್ಯಾಸ 30 ಮೀಟರ್, ದಪ್ಪ 12.7 ಮೈಕ್ರಾನ್. ಕ್ಯಾಸೆಟ್ಟಿನ ಟೇಪಿಗೆ ಆಧಾರವೂ ಇದೇ ಆಯಿತು.

ಬಾಟಲಿಗೆ ಈ ವಿದ್ಯೆ ತಂದವರು ಡುಪಾಂಟ್‌ನ ನಥಾನಿಯಲ್ ವೈಯತ್. 1973ರಲ್ಲಿ ಪೇಟೆಂಟ್ ಸಿಕ್ಕಿತು. ದಪ್ಪ ಗೋಡೆಯ ಪುಟ್ಟ ಕೊಳವೆಯನ್ನು ಬಿಸಿ ಮಾಡಿ, ಒಳಗಿನಿಂದ ಕೋಲು ನೂಕಿ ಉದ್ದ ಮಾಡಿ, ಗಾಳಿ ಊದಿ ಅಗಲಿಸುತ್ತಾರೆ. ನೀರಿನ ಬಾಟಲಿ ಕೈಯಲ್ಲಿದ್ದರೆ ನೋಡಿ: ಎಳೆತಕ್ಕೆ ಸಿಗದ ಕತ್ತು ದಪ್ಪಗಿದೆ, ಎಳೆತ ಕಂಡ ಹೊಟ್ಟೆ ಕಾಗದದಷ್ಟು ತೆಳ್ಳಗಿದ್ದರೂ ಸುಲಭಕ್ಕೆ ಹರಿಯದು.

ಆದರೆ ಮಾಮೂಲಿ ನೀರಿನ ಬಾಟಲಿಗೆ ಹಾಳೆಗೆ ಕೊಟ್ಟಂಥ ಕಾವು ಕೊಟ್ಟಿರುವುದಿಲ್ಲ. ಸುಮಾರು 70 ಡಿಗ್ರಿ ದಾಟಿದರೆ ಬಿಗಿದು ನಿಂತ ಸರಪಳಿಗಳು ಸಡಿಲಗೊಂಡು ಹಳೆಯ ಸಿಕ್ಕಿಗೆ ಮರಳುತ್ತವೆ, ಬಾಟಲಿ ಮುದುಡುತ್ತದೆ. ಅದಕ್ಕೆ ಕುದಿಯುವ ನೀರು, ಬಿಸಿ ಚಹಾ ತುಂಬಬೇಡಿ.