ಪಾದರಸ: ನೀರಿನಿಂದ ಮೀನಿಗೆ, ಮೀನಿನಿಂದ ಮಗುವಿಗೆ

ಒಂದು ಕಡೆ ನಿಲ್ಲದೆ ಚುರುಕಾಗಿ ಓಡಾಡುವ ಮಗುವನ್ನು ಕಂಡರೆ "ಪಾದರಸದ ಹಾಗಿದ್ದಾನೆ" ಅನ್ನುತ್ತೇವೆ. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ ಉರುಳುವ ಬೆಳ್ಳಿಯಂಥ ಗುಂಡುಗಳನ್ನು ಬೆರಳಿನಿಂದ ತಳ್ಳಿ ಆಡಿದ ನೆನಪು ನಮ್ಮಲ್ಲಿ ಎಷ್ಟೋ ಜನರಿಗಿದೆ. ಆಮೇಲೆ ಅಮ್ಮ ಗುಡಿಸಿ ಅಂಗಳದಾಚೆ ಚೆಲ್ಲಿದರೆ ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಅಲ್ಲಿಗೆ ಮುಗಿಯುವುದಿಲ್ಲ. ಪಾದರಸ ಒಂದು ಲೋಹ. ಅದು ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಆವಿಯಾಗಿ ಗಾಳಿಗೆ ಸೇರುತ್ತದೆ, ಮಳೆಯಲ್ಲಿ ಮತ್ತೆ ಕೆಳಗೆ ಬರುತ್ತದೆ. ಹೀಗೆ ಕೆರೆ, ಹೊಳೆ, ಸಮುದ್ರ ಸೇರಿದ ಪಾದರಸ ಮೀನಿನ ಮೂಲಕ ನಮ್ಮ ಊಟದ ತಟ್ಟೆಗೆ ಹಿಂತಿರುಗಬಲ್ಲದು. ಈ ಸತ್ಯವನ್ನು ಜಗತ್ತು ಕಲಿತದ್ದು ಜಪಾನಿನ ಬಡ ಮೀನುಗಾರರಿಂದ. ಅದಕ್ಕೆ ಅವರು ತೆತ್ತ ಬೆಲೆ ಬಹಳ ದೊಡ್ಡದು.

ಮಿನಮಾಟದಲ್ಲಿ ಏನಾಯಿತು?

ಜಪಾನಿನ ಕ್ಯೂಶೂ ದ್ವೀಪದಲ್ಲಿ ಮಿನಮಾಟ ಎಂಬ ಕಡಲತಡಿಯ ಊರಿದೆ. ಅಲ್ಲಿನ ಚಿಸ್ಸೋ ಕಂಪನಿಯ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿತ್ತು. ಈ ಕೆಲಸಕ್ಕೆ ಪಾದರಸ ಬೇಕಿತ್ತು. ಉಳಿದ ಕೊಳಕು ನೀರನ್ನು ಕೊಲ್ಲಿಗೆ ಬಿಡುತ್ತಿದ್ದರು.

1950ರ ದಶಕದಲ್ಲಿ ಅಲ್ಲಿನ ಜನ ವಿಚಿತ್ರಗಳನ್ನು ಕಾಣತೊಡಗಿದರು. ಮೀನು ತಿಂದ ಬೆಕ್ಕುಗಳು ತೂರಾಡಿ, ಕುಣಿದಂತೆ ಮಾಡಿ ಸತ್ತವು. ಕಾಗೆಗಳು ಹಾರುತ್ತಾ ಇದ್ದಂತೆಯೇ ಬಿದ್ದವು. ಜನ ಇದನ್ನು "ಬೆಕ್ಕು ಕುಣಿಯುವ ರೋಗ" ಎಂದು ಕರೆದರು. 1956ರ ಏಪ್ರಿಲ್‌ನಲ್ಲಿ ಐದು ವರ್ಷ ದಾಟಿದ ಒಬ್ಬ ಹುಡುಗಿಯನ್ನು ಕಂಪನಿಯ ಆಸ್ಪತ್ರೆಗೆ ತಂದರು. ನಡೆಯಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಮೈ ಸೆಟೆಯುತ್ತಿತ್ತು. ಎರಡೇ ದಿನದಲ್ಲಿ ಅವಳ ತಂಗಿಗೂ ಅದೇ ಆಯಿತು. ಆಸ್ಪತ್ರೆಯ ಮುಖ್ಯಸ್ಥ ಡಾ. ಹಾಜಿಮೆ ಹೊಸೊಕಾವ ಅವರು ಮೇ 1ರಂದು ಆರೋಗ್ಯ ಇಲಾಖೆಗೆ ವರದಿ ಮಾಡಿದರು.

ಮೊದಲು ಅಂಟುರೋಗ ಎಂದು ಹೆದರಿ ರೋಗಿಗಳನ್ನು ಬೇರೆ ಇರಿಸಿದರು, ಮನೆಗಳಿಗೆ ಔಷಧಿ ಸಿಂಪಡಿಸಿದರು. ಅಕ್ಕಪಕ್ಕದವರು ದೂರ ಸರಿದರು. ಅದೇ ವರ್ಷ ಕುಮಾಮೋಟೊ ವಿಶ್ವವಿದ್ಯಾಲಯದ ಸಂಶೋಧಕರು ಇದು ಅಂಟುರೋಗವಲ್ಲ, ಕೊಲ್ಲಿಯ ಮೀನು ಮತ್ತು ಚಿಪ್ಪುಗಳಲ್ಲಿರುವ ಯಾವುದೋ ಲೋಹದ ವಿಷ ಎಂದರು. ಯಾವ ಲೋಹ ಎಂದು ಹುಡುಕಲು ಮೂರು ವರ್ಷ ಹಿಡಿಯಿತು. 1959ರ ಜುಲೈನಲ್ಲಿ ಉತ್ತರ ಸಿಕ್ಕಿತು: ಪಾದರಸ. ಕಾರ್ಖಾನೆಯ ಕಾಲುವೆ ಸಮುದ್ರ ಸೇರುವ ಕಡೆ ಒಂದು ಟನ್ ಕೆಸರಿನಲ್ಲಿ ಸುಮಾರು 2 ಕಿಲೋ ಪಾದರಸವಿತ್ತು.

ಡಾ. ಹೊಸೊಕಾವ ಅವರೂ ಸುಮ್ಮನಿರಲಿಲ್ಲ. ಕಾರ್ಖಾನೆಯ ಕೊಳಕು ನೀರನ್ನು ಆಹಾರಕ್ಕೆ ಬೆರೆಸಿ 400ನೇ ನಂಬರಿನ ಒಂದು ಬೆಕ್ಕಿಗೆ ಹಾಕಿ ನೋಡಿದರು. 1959ರ ಅಕ್ಟೋಬರ್‌ನಲ್ಲಿ ಆ ಬೆಕ್ಕಿಗೆ ಅದೇ ರೋಗ ಬಂತು. ಆದರೆ ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. 1970ರಲ್ಲಿ ಡಾಕ್ಟರರು ಸಾವಿನ ಹಾಸಿಗೆಯಲ್ಲಿದ್ದಾಗ ಕೋರ್ಟಿಗೆ ಸಾಕ್ಷಿ ಹೇಳಿದರು. ಈ ನಡುವೆ 1965ರಲ್ಲಿ ಜಪಾನಿನ ಇನ್ನೊಂದು ಕಡೆ, ನೀಗಾಟದ ಅಗಾನೊ ನದಿಯ ದಂಡೆಯಲ್ಲಿ, ಬೇರೊಂದು ಕಂಪನಿಯಿಂದ ಇದೇ ರೋಗ ಕಾಣಿಸಿಕೊಂಡಿತು. ಚಿಸ್ಸೋ ಈ ಬಗೆಯ ತಯಾರಿಕೆ ನಿಲ್ಲಿಸಿದ್ದು 1968ರ ಮೇ ತಿಂಗಳಲ್ಲಿ. ಸರಕಾರ ಕಾರಣವನ್ನು ಒಪ್ಪಿಕೊಂಡದ್ದು ಅದೇ ಸೆಪ್ಟೆಂಬರ್‌ನಲ್ಲಿ. ಮೊದಲ ವರದಿಯಿಂದ ಲೆಕ್ಕ ಹಾಕಿದರೆ ಹನ್ನೆರಡು ವರ್ಷ! ಮಿನಮಾಟ ಪ್ರದೇಶದಲ್ಲಿ ಸರಕಾರ ಅಧಿಕೃತವಾಗಿ ಗುರುತಿಸಿದ ರೋಗಿಗಳೇ 2,200ಕ್ಕೂ ಹೆಚ್ಚು. ಹೊರಗೆ ಉಳಿದವರು ಇನ್ನೂ ಎಷ್ಟೋ ಮಂದಿ.

ತಾಯಿ ಚೆನ್ನಾಗಿದ್ದಳು, ಮಗು?

ಇನ್ನೊಂದು ನೋವಿನ ಸಂಗತಿ ಇದೆ. ಅಲ್ಲಿ ಕೆಲವು ತಾಯಂದಿರಿಗೆ ಹೆಚ್ಚೇನೂ ತೊಂದರೆ ಇರಲಿಲ್ಲ. ಆದರೆ ಅವರಿಗೆ ಹುಟ್ಟಿದ ಮಕ್ಕಳು ಕುತ್ತಿಗೆ ನಿಲ್ಲಿಸಲಾರದೆ, ಮಾತಾಡಲಾರದೆ ಹೋದವು. ಹೊಟ್ಟೆಯಲ್ಲಿರುವ ಮಗುವಿಗೆ ವಿಷ ತಲುಪದಂತೆ ಮಾಸು ತಡೆಯುತ್ತದೆ ಎಂದು ವೈದ್ಯರು ಆಗ ನಂಬಿದ್ದರು. ಡಾ. ಮಸಝುಮಿ ಹರಾಡ ಮುಂತಾದವರು ಮನೆ ಮನೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸಿ ಆ ನಂಬಿಕೆ ತಪ್ಪೆಂದು ತೋರಿಸಿದರು. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಜೋಪಾನವಾಗಿ ಇಡುವ ಪದ್ಧತಿಯಿದೆ. ತಾಯಂದಿರು ಪ್ರೀತಿಯಿಂದ ಎತ್ತಿಟ್ಟ ಆ ಬಳ್ಳಿಗಳಲ್ಲೇ ಸಂಶೋಧಕರಿಗೆ ಪಾದರಸ ಸಿಕ್ಕಿತು. ತಾಯಿಯ ಮೈಗೆ ಬಂದ ವಿಷ ಬೆಳೆಯುವ ಮಗುವಿನ ಮೆದುಳಿಗೆ ಹೋಗಿತ್ತು.

ನೀರಿನಲ್ಲಿ ಕಡಿಮೆ, ಮೀನಿನಲ್ಲಿ ಹೆಚ್ಚು: ಹೇಗೆ?

ಮಿನಮಾಟದಲ್ಲಿ ಕಾರ್ಖಾನೆಯ ಒಳಗೇ ಮೀಥೈಲ್ ಪಾದರಸ ಎಂಬ ಕೆಟ್ಟ ರೂಪ ಹುಟ್ಟುತ್ತಿತ್ತು. ಹಾಗಾದರೆ ಸಾಮಾನ್ಯ ಪಾದರಸ ಕೆರೆಗೆ ಬಿದ್ದರೆ ಚಿಂತೆ ಇಲ್ಲವೇ? ಇದೆ. ಕೆರೆಯ ತಳದ ಕೆಸರಿನಲ್ಲಿ ಗಾಳಿಯಾಡದ ಕಡೆ ಬದುಕುವ ಕೆಲವು ಸೂಕ್ಷ್ಮ ಜೀವಿಗಳು ಸಾಮಾನ್ಯ ಪಾದರಸವನ್ನೂ ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸ್ವೀಡನ್ನಿನ ಸಂಶೋಧಕರು 1960ರ ದಶಕದಲ್ಲಿ ಇದನ್ನು ಕಂಡುಕೊಂಡರು.

ಮುಂದಿನದು ನಮಗೆಲ್ಲ ಅರ್ಥವಾಗುವ ಲೆಕ್ಕ. ನೀರಿನ ಪಾಚಿಯಂಥ ಸಣ್ಣ ಜೀವಿಗಳು ಮೀಥೈಲ್ ಪಾದರಸವನ್ನು ಹೀರುತ್ತವೆ. ಅವನ್ನು ಹುಳಗಳು ತಿನ್ನುತ್ತವೆ, ಹುಳಗಳನ್ನು ಮರಿ ಮೀನು, ಮರಿ ಮೀನನ್ನು ದೊಡ್ಡ ಮೀನು. ತಿಂದದ್ದು ಬೇಗ ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ಮೆಟ್ಟಿಲು ಮೆಟ್ಟಿಲಿಗೂ ಏರುತ್ತಾ ಹೋಗಿ ದೊಡ್ಡ ಮೀನಿನಲ್ಲಿ ನೀರಿಗಿಂತ ಹತ್ತು ಲಕ್ಷ ಪಟ್ಟು ಹೆಚ್ಚಾಗಬಹುದು. ಇದು ಮೀನಿನ ಮಾಂಸಕ್ಕೇ ಅಂಟಿಕೊಂಡಿರುತ್ತದೆ. ತೊಳೆದರೂ ಹೋಗದು, ಬೇಯಿಸಿದರೂ ಹೋಗದು, ಹುಳಿ ಹಾಕಿದರೂ ಹೋಗದು. ರುಚಿಯಲ್ಲಿ, ವಾಸನೆಯಲ್ಲಿ ಗೊತ್ತಾಗುವುದೂ ಇಲ್ಲ.

ನಮ್ಮ ಪಕ್ಕದ ಕೊಡೈಕೆನಾಲ್

ಇದು ದೂರದ ದೇಶದ ಕತೆ ಅಂದುಕೊಳ್ಳಬೇಡಿ. ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆಯೊಂದಿತ್ತು. ಅಮೆರಿಕದಲ್ಲಿ ಮುಚ್ಚಿದ ಕಾರ್ಖಾನೆಯ ಯಂತ್ರಗಳನ್ನು ತಂದು 1980ರ ದಶಕದಲ್ಲಿ ಇಲ್ಲಿ ಶುರು ಮಾಡಿದ್ದರು. 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯಲ್ಲಿ ಪಾದರಸ ಅಂಟಿದ ಗಾಜಿನ ಚೂರುಗಳ ರಾಶಿಯನ್ನು ಜನ ಪತ್ತೆ ಹಚ್ಚಿದರು. ಪ್ರತಿಭಟನೆ ನಡೆಯಿತು, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಕಸವನ್ನು ಹಡಗಿನಲ್ಲಿ ಅಮೆರಿಕಕ್ಕೇ ವಾಪಸು ಕಳುಹಿಸಬೇಕಾಯಿತು. 591 ಮಂದಿ ಮಾಜಿ ಕೆಲಸಗಾರರೊಂದಿಗೆ ಕಂಪನಿ ರಾಜಿ ಒಪ್ಪಂದಕ್ಕೆ ಬಂದದ್ದು 2016ರಲ್ಲಿ, ಅಂದರೆ ಹದಿನೈದು ವರ್ಷಗಳ ನಂತರ.

ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಕೊಡೈ ಸರೋವರದ ನೀರು, ಕೆಸರು, ಮೀನುಗಳನ್ನು ಪರೀಕ್ಷಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಹೋಲಿಕೆಗೆ ಸುತ್ತಿನ ಬೇರಿಜಂ ಮತ್ತು ಕುಕ್ಕಲ್ ಕೆರೆಗಳನ್ನೂ ನೋಡಿದರು. ಕೊಡೈ ನೀರಿನಲ್ಲಿ ಪಾದರಸ ಸ್ಪಷ್ಟವಾಗಿ ಹೆಚ್ಚಿತ್ತು, ಅದರಲ್ಲಿ ಒಂದು ಭಾಗ ಆಗಲೇ ಮೀಥೈಲ್ ಪಾದರಸವಾಗಿತ್ತು. ಕಾರ್ಖಾನೆಯಿಂದಲೇ ಸರೋವರ ಕೆಟ್ಟಿದೆ ಎಂದು ಅವರು ತೀರ್ಮಾನಿಸಿದರು. ಪ್ರವಾಸಿಗಳು ದೋಣಿಯಲ್ಲಿ ಸುತ್ತುವಾಗ ನೀರು ತಿಳಿಯಾಗಿಯೇ ಕಾಣುತ್ತದೆ. ಕಣ್ಣಿಗೆ ಕಾಣುವುದೇ ಬೇರೆ, ಒಳಗಿರುವುದೇ ಬೇರೆ.

ನಿಲ್ಲಿಸಿದರೆ ಸರಿಹೋಗುತ್ತದೆಯೇ?

ಸರಿಹೋಗುತ್ತದೆ ಎನ್ನಲು ಒಳ್ಳೆಯ ಸಾಕ್ಷಿ ಸಿಕ್ಕಿದೆ. ಕೆನಡಾದಲ್ಲಿ ಸಂಶೋಧನೆಗೆಂದೇ ಬಿಟ್ಟ ಸರೋವರಗಳಿವೆ. ಅಂಥ ಒಂದಕ್ಕೆ 2001ರಿಂದ ಏಳು ವರ್ಷ, ಗುರುತು ಹಿಡಿಯಬಹುದಾದ ಪಾದರಸವನ್ನು ಸ್ವಲ್ಪ ಸ್ವಲ್ಪ ಸೇರಿಸಿ ಆಮೇಲೆ ನಿಲ್ಲಿಸಿದರು. ನಿಲ್ಲಿಸಿದ ಎಂಟು ವರ್ಷಗಳಲ್ಲಿ ದೊಡ್ಡ ಮೀನುಗಳಲ್ಲಿ ಆ ಪಾದರಸ ಶೇಕಡಾ 38ರಿಂದ 76ರಷ್ಟು ಇಳಿಯಿತು. ಈ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಆದರೆ ಕೆಸರಿನಲ್ಲಿ ರಾಶಿ ಬಿದ್ದ ಕಡೆ ಇಷ್ಟು ಸುಲಭವಲ್ಲ. ಮಿನಮಾಟ ಕೊಲ್ಲಿಯ ಕೆಸರು ತೆಗೆಯಲು 1977ರಿಂದ 1990ರವರೆಗೆ ಬೇಕಾಯಿತು. ಅಲ್ಲಿನ ಮೀನು ತಿನ್ನಬಹುದು ಎಂದು ಘೋಷಿಸಿದ್ದು 1997ರಲ್ಲಿ. ಆದ್ದರಿಂದ ಮೂಲದಲ್ಲೇ, ಅದೂ ಬೇಗ ತಡೆಯುವುದೇ ಜಾಣತನ.

ಹಾಗಾದರೆ ಮೀನು ಬಿಡಬೇಕೇ?

ಖಂಡಿತ ಬೇಡ. ಮೀನು ಒಳ್ಳೆಯ ಆಹಾರ, ಬಡವರ ಪೌಷ್ಟಿಕ ಊಟ. ಯಾವ ಮೀನು ಎಂಬುದು ಮುಖ್ಯ. ವಾರಕ್ಕೆ ಮೈತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂಗಿಂತ ಹೆಚ್ಚು ಮೀಥೈಲ್ ಪಾದರಸ ಬೇಡ ಎಂದು ಅಂತರರಾಷ್ಟ್ರೀಯ ತಜ್ಞರು ಹೇಳಿದ್ದಾರೆ. 50 ಕಿಲೋ ತೂಕದ ಹೆಂಗಸಿಗೆ ಇದು 80 ಮೈಕ್ರೋಗ್ರಾಂ. ಅಮೆರಿಕದಲ್ಲಿ ಅಳೆದ ಸರಾಸರಿ ಹಿಡಿದರೆ ಬೂತಾಯಿ ಜಾತಿಯ ಮೀನನ್ನು ವಾರಕ್ಕೆ 6 ಕಿಲೋ ತಿಂದರೆ ಈ ಮಿತಿ ತಲುಪುತ್ತದೆ. ಅಂಜಲ್ ಜಾತಿಗೆ ಸೇರಿದ ಅಲ್ಲಿನ ದೊಡ್ಡ ಮೀನಾದರೆ ಸುಮಾರು 110 ಗ್ರಾಮೇ ಸಾಕು! ಇದು ಅಲ್ಲಿನ ಸಮುದ್ರದ ಲೆಕ್ಕ, ನಮ್ಮ ಕರಾವಳಿಯದ್ದಲ್ಲ. ಆದರೆ ಸಣ್ಣ ಮೀನು, ದೊಡ್ಡ ಮೀನು ಎಂಬ ನಿಯಮ ಎಲ್ಲ ಕಡೆಗೂ ಒಂದೇ.

ನಾವು ಮಾಡಬಹುದಾದದ್ದು

* ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳಿಗೆ ಬೂತಾಯಿಯಂಥ ಸಣ್ಣ ಮೀನು ಕೊಡಿ. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನು ಬೇಡ.

* ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆಯಿರಿ. ಪೊರಕೆ ಹಾಕಬೇಡಿ, ಗುಂಡುಗಳು ಇನ್ನೂ ಚೂರಾಗುತ್ತವೆ. ದಪ್ಪ ಕಾಗದದಿಂದ ಒಟ್ಟು ಮಾಡಿ, ಉಳಿದದ್ದನ್ನು ಅಂಟುಪಟ್ಟಿಯಿಂದ ತೆಗೆದು, ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ ಹಾಕಿ. ಬಚ್ಚಲಿಗೆ, ಒಲೆಗೆ ಹಾಕಲೇಬೇಡಿ. ಅಪಾಯಕಾರಿ ಕಸ ಸಂಗ್ರಹಿಸುವವರಿಗೆ ಕೊಡಿ.

* ಹೊಸದು ಕೊಳ್ಳುವಾಗ ಡಿಜಿಟಲ್ ಥರ್ಮಾಮೀಟರ್ ಕೇಳಿ. ಹಳೆಯ ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬುಗಳಲ್ಲೂ ಪಾದರಸವಿದೆ, ಅವನ್ನು ಒಡೆಯಬೇಡಿ.

* ಕೆರೆ, ಹೊಳೆಗೆ ಕಾರ್ಖಾನೆಯ ನೀರು ಬರುತ್ತಿದ್ದರೆ ಗ್ರಾಮಸಭೆಯಲ್ಲಿ ಕೇಳಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಡಿ.

ಪಾದರಸ ತಡೆಯಲು 2013ರಲ್ಲಿ ದೇಶಗಳು ಸೇರಿ ಮಾಡಿಕೊಂಡ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಆದರೆ ಒಪ್ಪಂದ ಕಾಗದದಲ್ಲಿದ್ದರೆ ಸಾಲದು. ಮಿನಮಾಟದಲ್ಲಿ ಮೊದಲು ಎಚ್ಚರಿಕೆ ಕೊಟ್ಟದ್ದು ಬೆಕ್ಕುಗಳು, ಕೊಡೈಕೆನಾಲ್‌ನಲ್ಲಿ ಊರಿನ ಜನ. ನಮ್ಮ ಊರಿನ ಹೊಳೆಯನ್ನು ದಿನಾ ನೋಡುವವರು ನಾವೇ ಅಲ್ಲವೇ? ಕಂಡದ್ದನ್ನು ಕಂಡ ಕೂಡಲೇ ಹೇಳೋಣ. ಹನ್ನೆರಡು ವರ್ಷ ಕಾಯುವುದು ಬೇಡ.